ಮಳೆ ಕಾಣದ ಕಬ್ಬಿಣ

“ಅಯ್ಯಯ್ಯೋ, ನೀರು! ಏನ್ರೀ ಮಾಡ್ತಾ ಇದೀರಾ!”

ಕೂಗು ಕೇಳಿಸಿದಾಗ ಗುರುಸಿದ್ದಪ್ಪನ ಕೈಯಲ್ಲಿದ್ದ ಕೆಟಲಿ ಅರ್ಧ ಬಗ್ಗಿತ್ತು. ಕುದಿಯುವ ನೀರು ತಾಮ್ರದ ಲಾಳಿಕೆಯ ಡೊಂಕು ಕುತ್ತಿಗೆಯಿಂದ ಇಳಿದು, ಹೊಸ ರೈಫಲ್ಲಿನ ನಳಿಕೆಯೊಳಗೆ ಗುಳುಗುಳು ಎನ್ನುತ್ತ, ಕೆಳಗಿಟ್ಟ ಹಿತ್ತಾಳೆಯ ಪರಾತದಲ್ಲಿ ಕಪ್ಪಗೆ ಬೀಳುತ್ತಿತ್ತು. ಅವನು ಕೈ ತಡೆಯಲಿಲ್ಲ. ಸುರಿಯುವ ನೀರನ್ನು ನಡುವೆ ನಿಲ್ಲಿಸಿದರೆ ನಳಿಕೆ ಆರುತ್ತದೆ. ಆರಿದ ನಳಿಕೆಯೊಳಗೆ ಹನಿ ಉಳಿಯುತ್ತದೆ. ಕೆಟಲಿ ಪೂರ್ತಿ ಬರಿದಾಗಿ, ಪರಾತಕ್ಕೆ ಬೀಳುವ ನೀರು ತಿಳಿಯಾದ ಮೇಲೆಯೇ ತಲೆ ಎತ್ತಿದ.

ಹಿಂಬಾಗಿಲಲ್ಲಿ ನಿಂತವನು ಬ್ರಾಕ್‌ವೆಲ್ ರೈಫಲ್ ಕಂಪನಿಯ ಮುಂಬಯಿ ಏಜೆಂಟ. ಇಸ್ತ್ರಿ ಮುರಿಯದ ಬಿಳಿ ಪ್ಯಾಂಟು, ಕಂಕುಳಲ್ಲಿ ಚರ್ಮದ ಚೀಲ. ನಿನ್ನೆ ಕಾಟೋಲ್ ರಸ್ತೆಯ ತೋಟದಲ್ಲಿ ಎರಡು ಮಾದರಿ ರೈಫಲ್ಲುಗಳಿಂದ ಗುರಿ ಹೊಡೆದು ತೋರಿಸುವಾಗ ದಿನವಿಡೀ ಇಂಗ್ಲಿಷು, ಹಿಂದಿಗಳಲ್ಲೇ ಮಾತಾಡಿದ್ದವನ ಬಾಯಿಂದ ಈಗ ಗಾಬರಿಯಲ್ಲಿ ಕನ್ನಡ ಬಿದ್ದಿತ್ತು.

“ಕನ್ನಡದಾವ್ರೇನ್ರಿ?” ಎಂದ ಗುರುಸಿದ್ದಪ್ಪ.

“ಮೈಸೂರು. ಲಕ್ಷ್ಮೀಕಾಂತ ಅಂತ. ಅದಿರ್ಲಿ, ಆ ನೀರು...”

“ನೀರು ಬರೋಬರ್ ಐತಿ. ಚಲೋ ಕುದ್ದೈತಿ.”

“ಕುದ್ದಿದ್ದಕ್ಕಲ್ಲ ಸ್ವಾಮಿ ನಾನು ಹೇಳ್ತಿರೋದು! ಪುಸ್ತಕ ನೋಡ್ಲಿಲ್ವೆ? ನಳಿಕೆಗೆ ಯಾವ ಕಾರಣಕ್ಕೂ ನೀರು ಸೋಕಿಸಬಾರದು ಅಂತ ದಪ್ಪ ಅಕ್ಷರದಲ್ಲಿ ಹಾಕಿದೆ. ನೀರು ಸೋಕಿದ ರೈಫಲ್ಲಿಗೆ ಕಂಪನಿ ಗ್ಯಾರಂಟಿ ಕೊಡಲ್ಲ. ಈಗ ಇದೊಂದು ಹೋಯ್ತು.”

“ಎಲ್ಲಿಗಿ ಹೋತ್ರಿ? ಇಲ್ಲೇ ಐತೆಲ್ಲ,” ಎಂದು ಗುರುಸಿದ್ದಪ್ಪ ನಳಿಕೆಯೊಳಗೆ ಬಟ್ಟೆಯ ತುಂಡು ತೂರಿಸತೊಡಗಿದ.

ಗದ್ದಲ ಕೇಳಿ ಅಂಗಡಿಯ ಮಾಲೀಕ ಉಮಾಕಾಂತರಾವ್ ಒಳಗೆ ಬಂದ. ಸೀತಾಬರ್ಡಿಯ ಈ ಬಂದೂಕಿನ ಅಂಗಡಿ ಅವನ ತಂದೆಯ ಕಾಲದ್ದು. ಗುರುಸಿದ್ದಪ್ಪ ಇಲ್ಲಿ ಮಿಸ್ತ್ರಿಯಾಗಿ ಹತ್ತೊಂಬತ್ತು ವರ್ಷ ಆಗಿತ್ತು. ಅದಕ್ಕೆ ಮೊದಲು ಹತ್ತು ವರ್ಷ ಪಲ್ಟಣದ ಶಸ್ತ್ರಾಗಾರದಲ್ಲಿದ್ದ. ಹೊಡೆದ ಬಂದೂಕಿಗೆ ಕುದಿನೀರು ಹಾಕುವುದು ಪಲ್ಟಣದಲ್ಲಿ ಕಲಿತದ್ದು. ಅಲ್ಲಿನ ಹವಾಲ್ದಾರ ಮೊದಲ ದಿನವೇ ಹೊಡೆದ ನಳಿಕೆಯ ಮಸಿಯನ್ನು ಅವನ ನಾಲಿಗೆಗೆ ಹಚ್ಚಿ, “ಏನದು?” ಎಂದು ಕೇಳಿದ್ದ. “ಉಪ್ಪು,” ಎಂದಿದ್ದ ಆಗಿನ್ನೂ ಹೊಸಬನಾಗಿದ್ದ ಗುರುಸಿದ್ದಪ್ಪ. ಗುಂಡು, ಮದ್ದು ತುಂಬಿದ ತೋಟಾದ ತಳದಲ್ಲಿ ಕಿಡಿ ಹೊತ್ತಿಸುವ ಟೋಪಿ ಸಿಡಿದಾಗ ಉಳಿಯುವುದು ಉಪ್ಪು. ಅದು ಕಣ್ಣಿಗೆ ಕಾಣದು, ಗಾಳಿಯ ಪಸೆಯನ್ನು ಹೀರುತ್ತ ಕಬ್ಬಿಣವನ್ನು ಒಳಗಿಂದೊಳಗೇ ತಿನ್ನುತ್ತದೆ. ಆ ಪಾಠ ಅವನ ಕೈಗೆ ಎಷ್ಟು ಅಂಟಿತ್ತೆಂದರೆ, ನಿನ್ನೆ ತೋಟದಿಂದ ಬಂದ ರೈಫಲ್ಲು ಯಾರದು, ಯಾವ ಕಂಪನಿಯದು ಎಂದು ಕೇಳುವ ಮೊದಲೇ ಒಲೆಯ ಮೇಲೆ ಕೆಟಲಿ ಏರಿತ್ತು.

“ಮಿಸ್ತ್ರಿ, ಹೊಸ ಕಾಲದ ಮಾಲು ಇದು,” ಎಂದ ಉಮಾಕಾಂತರಾವ್. ಅವನು ಮರಾಠಿಯಲ್ಲಿ ಮಾತಾಡಿದರೆ ಗುರುಸಿದ್ದಪ್ಪ ಉತ್ತರಿಸುವುದೂ ಮರಾಠಿಯಲ್ಲೇ. ಆದರೆ ಅವನ ಮರಾಠಿ ಇಷ್ಟು ವರ್ಷವಾದರೂ ಹುಕ್ಕೇರಿಯ ಕನ್ನಡದ ಎಳೆತ ಬಿಟ್ಟಿರಲಿಲ್ಲ. “ಕಂಪನಿಯವರು ಹೇಳಿದ ಹಾಗೆ ನಡೆದರೆ ನಿನ್ನ ಗಂಟೇನು ಹೋಗುತ್ತದೆ?”

“ಕಂಪನ್ಯಾವ್ರು ಎಲ್ಲಿ ಕುಂತ್ ಹೇಳ್ಯಾರಂತ?”

ಲಕ್ಷ್ಮೀಕಾಂತ ನಕ್ಕ. ಸಿಟ್ಟು ಬಂದರೂ ನಗುವುದು ಅವನ ಕಸುಬಿನ ಭಾಗ. “ಆಯ್ತು, ಪರೀಕ್ಷೆ ಆಗೇಹೋಗ್ಲಿ. ನಿನ್ನೆ ಎರಡರಲ್ಲೂ ಸಮ ಹೊಡೆದಿದ್ದೀವಿ. ಒಂದಕ್ಕೆ ನೀವು ನೀರು ಹಾಕಿದೀರಿ. ಇನ್ನೊಂದಕ್ಕೆ ಪುಸ್ತಕದ ಪ್ರಕಾರ ನಾನು ಬರೀ ನಮ್ಮ ಎಣ್ಣೆ ಹಚ್ತೀನಿ. ಎರಡನ್ನೂ ಇಲ್ಲೇ ತೂಗುಹಾಕಿ. ಜಬಲ್ಪುರ, ರಾಯಪುರ ಮುಗಿಸಿಕೊಂಡು ಹದಿನೈದು ದಿನಕ್ಕೆ ಬರ್ತೀನಿ, ಆಗ ನೋಡೋಣ.”

ಹದಿನೈದು ದಿನವೂ ನಾಗಪುರ ಬೆಂದಿತು. ಹತ್ತು ಗಂಟೆಗೇ ಬೀದಿ ಬರಿದಾಗುತ್ತಿತ್ತು. ಸಿವಿಲ್ ಲೈನ್ಸ್‌ನ ಸಾಹೇಬರ ಬಂಗಲೆಗಳಲ್ಲಿ ಲಾಮಂಚದ ತಟ್ಟಿಗೆ ನೀರೆರಚುವ ಆಳುಗಳ ಕೈ ಬಿಡುವಾಗಲಿಲ್ಲ. ಅಂಗಡಿಯ ಗೋಡೆಯ ಮೇಲೆ ಎರಡು ರೈಫಲ್ಲುಗಳು ಅಕ್ಕಪಕ್ಕ ತೂಗಿದವು. ಲಕ್ಷ್ಮೀಕಾಂತ ಬಂದು ಒಂದೊಂದನ್ನೇ ಬೆಳಕಿಗೆ ಹಿಡಿದು ನೋಡಿದ, ಉಮಾಕಾಂತರಾವ್ ನೋಡಿದ. ಎರಡೂ ಕನ್ನಡಿಯ ಹಾಗಿದ್ದವು.

“ಹೇಗೆ?” ಎಂದ ಲಕ್ಷ್ಮೀಕಾಂತ.

“ನಾಗಪುರದ ಮೇ ತಿಂಗಳಾಗ ಕಬ್ಬಿಣದ ಸಲಾಕಿ ತೊಳದು ಅಂಗಳಕ್ಕ ಒಗದ್ರೂ ತುಕ್ಕ ಹಿಡ್ಯಂಗಿಲ್ರಿ. ಒಂದ್ ಮಳಿ ಆಗ್ಲಿ.”

“ಮಳೆ ಬರೋ ತನಕ ಕಾದ್ರೆ ಬಿತ್ತನೆ ಮುಂಚಿನ ವ್ಯಾಪಾರ ಯಾರು ಮಾಡ್ತಾರೆ?” ಎಂದು ಅವನು ಗುರುಸಿದ್ದಪ್ಪನ ಹೆಗಲ ಮೇಲೆ ಕೈ ಹಾಕಿದ. “ವಾದ ಹಂಗಿರ್ಲಿ. ನಿಮ್ಮಂಥ ಕೈ ಮುಂಬಯಿಯಲ್ಲೂ ನೋಡಿಲ್ಲ ನಾನು. ಒಂದು ಫೋಟೋ ತೆಗೆಸೋಣ. ರೈಫಲ್ ಹಿಡ್ಕೊಂಡು ನಿಂತ್ಕೊಳ್ಳಿ. ನಮ್ಮ ಕನ್ನಡದವರು ಅಂತ ನಂಗೂ ಹೆಮ್ಮೆ.”

ಗುರುಸಿದ್ದಪ್ಪ ನಿಂತುಕೊಂಡ. ಮನೆಗೆ ಹೋಗಿ ಮದುವೆಮುಂಜಿಗೆ ತೊಡುವ ಕರಿ ಕೋಟು ತೊಟ್ಟು, ರುಮಾಲು ಸುತ್ತಿಕೊಂಡು, ಮೀಸೆಗೆ ಕೊಬ್ಬರಿ ಎಣ್ಣೆ ಸವರಿ ಬಂದು ನಿಂತುಕೊಂಡ. ಐವತ್ತನಾಲ್ಕು ವರ್ಷದಲ್ಲಿ ಅವನ ಫೋಟೋ ಯಾರೂ ತೆಗೆದಿರಲಿಲ್ಲ. ಅಂಗಡಿಯ ಗೋಡೆಗೆ ಹಾಕುತ್ತಾರೆ ಎಂದುಕೊಂಡಿದ್ದ. ಕಾಗದವೊಂದರ ಕೆಳಗೆ ಸಹಿ ಹಾಕಿ ಎಂದಾಗ, ಫೋಟೋ ತೆಗೆಸಿಕೊಂಡದ್ದಕ್ಕೆ ಇರಬೇಕು ಎಂದು ಹಾಕಿಯೂ ಬಿಟ್ಟಿದ್ದ.

ಮುಂದಿನ ಶನಿವಾರ ಮುದ್ರಣಾಲಯದಿಂದ ಅಂಗಡಿಗೆ ಕಟ್ಟುಗಳು ಬಂದವು. ಹಗ್ಗ ಬಿಚ್ಚಿದರೆ ಮೇಲಿನ ಹಾಳೆಯಿಂದ ಗುರುಸಿದ್ದಪ್ಪನೇ ಗುರುಸಿದ್ದಪ್ಪನನ್ನು ನೋಡುತ್ತಿದ್ದ. ಮೊದಲು ಅವನಿಗೆ ಸಂತೋಷವೇ ಆಯಿತು, ಸುಳ್ಳು ಹೇಳಬಾರದು. ಮೀಸೆ ಚೆನ್ನಾಗಿ ಬಂದಿತ್ತು. ಆಮೇಲೆ ಕನ್ನಡಕ ಏರಿಸಿಕೊಂಡು ಕೆಳಗಿನ ಮರಾಠಿಯನ್ನು ಅಕ್ಷರ ಅಕ್ಷರ ಕೂಡಿಸಿ ಓದಿದ.

‘ಮೂವತ್ತು ವರ್ಷ ಬಂದೂಕುಗಳೊಂದಿಗೆ ಬಾಳಿದ ಗುರುಸಿದ್ದಪ್ಪ ಮಿಸ್ತ್ರಿ ಹೇಳುತ್ತಾರೆ: ನೀರು ಕುದಿಸುವ ಕಷ್ಟ ಇನ್ನಿಲ್ಲ. ತಿಂಗಳಿಗೊಮ್ಮೆ ಬ್ರಾಕ್‌ವೆಲ್ ಎಣ್ಣೆಯ ಮೂರು ಹನಿ ಸಾಕು. ನಿಮ್ಮ ಮೊಮ್ಮಗನ ಕಾಲಕ್ಕೂ ನಳಿಕೆ ಕನ್ನಡಿ!’

ಅವನು ಹಾಳೆಯನ್ನು ನಾಲ್ಕಾಗಿ ಮಡಿಸಿ, ಜೊತೆಗೆ ಕಂಪನಿಯ ಇಂಗ್ಲಿಷ್ ಪುಸ್ತಕವನ್ನೂ ಜೇಬಿಗೆ ಸೇರಿಸಿ ಮನೆಗೆ ನಡೆದ.

ಧಂತೋಲಿಯ ಹಿಂದಿನ ಓಣಿಯಲ್ಲಿ ಎರಡು ಕೋಣೆಯ ಮನೆ. ಮಾರನೆಯ ದಿನ ಭಾನುವಾರ, ಮಗಳು ಕಲಾವತಿ ಮನೆಯಲ್ಲಿದ್ದಾಗ ಅವನು ಎರಡನ್ನೂ ಹೊರತೆಗೆದ. ಅವಳು ಸರಕಾರಿ ಕಚೇರಿಯೊಂದರಲ್ಲಿ ಟೈಪು ಮಾಡುತ್ತಿದ್ದಳು. ಇಂಗ್ಲಿಷು, ಮರಾಠಿ ಸರಾಗ, ಕನ್ನಡ ಓದಲು ಕೊಟ್ಟರೆ ತಡವರಿಕೆ. ಹೆಂಡತಿ ಯಲ್ಲಮ್ಮ ಉಪ್ಪಿನಕಾಯಿಗೆ ಮಾವು ಹೆಚ್ಚುತ್ತಿದ್ದಳು. ಹಾಳೆಯನ್ನು ನೋಡಿ, “ಅಯ್ಯ, ಯಾರಿಂವ ಮದಿಮಗ?” ಎಂದು ನಕ್ಕಳು.

“ನಗಬ್ಯಾಡ. ಕಲಾ, ಈ ಪುಸ್ತಕ ಬರೋಬರ್ ಓದವಾ. ನೀರಿಂದು ಎಲ್ಲೆಲ್ಲಿ ಬರದಾರ, ಅದಷ್ಟು.”

ಪುಸ್ತಕದ ಹೊದಿಕೆಯ ಮೇಲೆ ಸತ್ತ ಸಿಂಹದ ಮೇಲೆ ಬೂಟುಗಾಲಿಟ್ಟ ದೊರೆಯೊಬ್ಬ ನಿಂತಿದ್ದ. ಕಲಾವತಿ ಪುಟ ತಿರುವುತ್ತ ಹೋದಳು. ನಳಿಕೆಯ ಉಕ್ಕು ಜಗತ್ತಿನಲ್ಲೇ ಇಲ್ಲದ್ದು. ಹದಿನೇಳು ದೇಶಗಳಲ್ಲಿ ಪರೀಕ್ಷೆಯಾದದ್ದು. ಎಣ್ಣೆಯ ಗುಟ್ಟು ಕಂಪನಿಯ ಮೂವರಿಗೆ ಮಾತ್ರ ಗೊತ್ತಿರುವುದು. ಹನ್ನೊಂದನೆಯ ಪುಟದಲ್ಲಿ ಅವಳ ಬೆರಳು ನಿಂತಿತು.

“ಅಪ್ಪಾ, ಇಲ್ಲಿ ನಕ್ಷತ್ರದಂಗ ಒಂದು ಚಿಕ್ಕಿ ಹಾಕ್ಯಾರ. ತಳದಾಗ ಏಕದಮ್ ಬಾರೀಕ ಅಕ್ಷರ.” ಅವಳು ಪುಸ್ತಕವನ್ನು ಕಿಟಕಿಯ ಬೆಳಕಿಗೆ ಹಿಡಿದಳು. “‘ಈ ಸಲಹೆಯು ಕಂಪನಿಯ ಹೊಸ ತುಕ್ಕುರಹಿತ ತೋಟಾಗಳನ್ನು ಬಳಸಿದಾಗ ಮಾತ್ರ.’ ಮ್ಹಣಜೆ... ಅಂದ್ರ, ಬ್ಯಾರೆ ತೋಟಾ ಹೊಡದ್ರ ಇವ್ರ ಮಾತು ಲಾಗೂ ಇಲ್ಲ.”

“ಆ ಹೊಸ ತೋಟಾ ನಮ್ಮ ಅಂಗಡ್ಯಾಗ ಒಂದೂ ಇಲ್ಲ,” ಎಂದ ಗುರುಸಿದ್ದಪ್ಪ ನಿಧಾನವಾಗಿ. “ತರಸಾಕ ಸರಕಾರದ ಪರವಾನಗಿ ಸಿಗವಲ್ದು. ಹಳೇ ದಾಸ್ತಾನೇ ಮಾರಾಕತ್ತೀವಿ. ರೈತ ಹೊಡಿಯಾಂವ ಅದನ್ನ.”

“ಮರಾಠಿ ಹಾಳೀಗೆ ಆ ಸಾಲು ಬಂದೇ ಇಲ್ಲ.”

“ಬಂದಿಲ್ಲ. ಅದರ ಜಾಗಾದಾಗ ನನ್ನ ಮಾರಿ ಬಂದೈತಿ.”

ಯಲ್ಲಮ್ಮ ಈಳಿಗೆಯಿಂದ ಕೈ ತೆಗೆದಳು. “ಅಲ್ರೀ, ಉಪ್ಪಿನ ಮ್ಯಾಲ ಎಣ್ಣಿ ಹಾಕಿದ್ರ ಉಪ್ಪು ಎಲ್ಲಿಗಿ ಹೋಗ್ತೈತಿ? ಒಳಗ ಇರ್ತೈತಿ. ಉಪ್ಪಿನಕಾಯಿ ಆಕ್ಕೈತಿ, ಅಷ್ಟ.” ಎಂದವಳು ಮುಂದಿದ್ದ ಪಿಂಗಾಣಿ ಭರಣಿಯನ್ನು ಕಣ್ಣಿನಲ್ಲೇ ತೋರಿಸಿದಳು. “ಇದನ್ನ ಕಬ್ಬಿಣದ ಡಬ್ಬ್ಯಾಗ ಯಾರರೆ ಹಾಕಿಡ್ತಾರೇನು?”

ಕಲಾವತಿಗೆ ನಗು ಬಂತು. ಗುರುಸಿದ್ದಪ್ಪ ನಗಲಿಲ್ಲ. ಅವನು ಕಪಾಟಿನ ಕೆಳಗಿನಿಂದ ತನ್ನ ಉಪಕರಣದ ಪೆಟ್ಟಿಗೆಯನ್ನು ಎಳೆದು, ತಳದಲ್ಲಿ ಬಟ್ಟೆ ಸುತ್ತಿಟ್ಟಿದ್ದ ಬೆರಳುದ್ದದ ಉಳಿಯೊಂದನ್ನು ತೆಗೆದು ತೊಡೆಯ ಮೇಲಿಟ್ಟುಕೊಂಡ. ಅದು ಅವನ ಅಪ್ಪ ದೊಡ್ಡಯ್ಯನದು. ದೊಡ್ಡಯ್ಯ ಹುಕ್ಕೇರಿ ಸೀಮೆಯ ಹಳ್ಳಿಯಲ್ಲಿ ಕಂಬಾರ. ಉಳಿಯ ತುದಿಯಲ್ಲಿ ಜೋಳದ ಕಾಳಿನಷ್ಟು ಚಿಕ್ಕ ತ್ರಿಶೂಲದ ಗುರುತಿತ್ತು. ಆದರೆ ಕುಲುಮೆಯಿಂದ ಇಳಿದ ಹೊಸ ಕುಡುಗೋಲಿಗೆ, ಹೊಸ ಕುಂಟೆಯ ಕುಡಕ್ಕೆ ಅವನು ಆ ಗುರುತು ಒತ್ತುತ್ತಿರಲಿಲ್ಲ. ರೈತ ಒಯ್ಯಬೇಕು, ಒಂದು ಮಳೆಗಾಲ ದುಡಿಸಬೇಕು, ದೀಪಾವಳಿಯ ಸುಮಾರಿಗೆ ತಿರುಗಿ ತರಬೇಕು. ದೊಡ್ಡಯ್ಯ ಅದನ್ನು ಉಗುರಿನಿಂದ ಬಡಿದು, ಕಿವಿಗೆ ಹಿಡಿದು ಕೇಳಿ, ಮನಸ್ಸಿಗೆ ಬಂದರೆ ಮಾತ್ರ ಉಳಿಯಿಟ್ಟು ಒಂದು ಪೆಟ್ಟು ಹಾಕುತ್ತಿದ್ದ. “ಈಗ್ಲೇ ಹಾಕು ದೊಡ್ಡಯ್ಯ, ಮತ್ತ್ಯಾಕ ತಿರಗಾಡಸ್ತಿ?” ಎಂದವರಿಗೆ, “ಮಳಿ ಕಾಣದ ಕಬ್ಬಿಣದ ಸುದ್ದಿ ನನಗ ಗೊತ್ತಿಲ್ಲಪಾ,” ಎನ್ನುತ್ತಿದ್ದ. ಅವನು ಸತ್ತು ಎಷ್ಟೋ ವರ್ಷವಾದ ಮೇಲೂ ಸಂತೆಯಲ್ಲಿ ಗುರುತಿದ್ದ ಕುಡುಗೋಲನ್ನು ಜನ ಬೆರಳಿನಿಂದ ತಡವಿ ನೋಡುತ್ತಿದ್ದರು.

“ಆ ಚಿಕ್ಕಿ ಸಾಲನ್ನ ಮರಾಠ್ಯಾಗ ಒಂದು ಚೀಟಿಗೆ ಬರದುಕೊಡವಾ,” ಎಂದ ಗುರುಸಿದ್ದಪ್ಪ. “ದಪ್ಪ ಅಕ್ಷರದಾಗ ಬರಿ.”

ಸೋಮವಾರ ಬೆಳಗ್ಗೆ ಅಂಗಡಿ ತೆರೆಯುತ್ತಲೇ ಅವನು ಉಮಾಕಾಂತರಾವ್‌ನ ಮುಂದೆ ಚೀಟಿಯನ್ನಿಟ್ಟ. ಉಮಾಕಾಂತರಾವ್ ಅದನ್ನು ಓದಿ, ಬೋರಲು ಹಾಕಿ, ಮೇಲೆ ತೂಕದ ಬಟ್ಟು ಇಟ್ಟ. ಅವನು ಕೆಟ್ಟವನಲ್ಲ. ಹಳೆಯ ಜಮೀನುದಾರರ ಶಿಕಾರಿಯ ಕಾಲ ಮುಗಿಯುತ್ತ ಬಂದು ಅಂಗಡಿ ಬಡಕಲಾಗುತ್ತಿತ್ತು. ನಾಗಪುರ, ಪಕ್ಕದ ವರ್ಹಾಡ ಸೀಮೆ ಎರಡಕ್ಕೂ ಒಂದೇ ಏಜೆನ್ಸಿ ಎಂದು ಕಂಪನಿ ಹೇಳಿದಂದಿನಿಂದ ಅವನ ಮುಖದಲ್ಲಿ ಕಳೆ ಬಂದಿತ್ತು.

“ಹಾಳೆಗಳು ಅಚ್ಚಾಗಿಹೋದವು ಮಿಸ್ತ್ರಿ. ನೀನೇ ಸಹಿ ಹಾಕಿದ್ದೀಯ.”

“ಹಾಕೀನಿ. ಮೀಸಿ ನೋಡಿ ಹಾಕೀನಿ, ಬರದದ್ದು ನೋಡಿ ಅಲ್ಲ. ತಪ್ಪು ನಂದ. ಅದಕ್ಕ ತಿದ್ರಿ ಅನ್ನಾಕ ಬಂದೀನಿ.”

“ಬುಧವಾರ ತೋಟದಲ್ಲಿ ಕಾರ್ಯಕ್ರಮ. ಕಾಟೋಲ್, ಕಳಮೇಶ್ವರದ ರೈತರೆಲ್ಲ ಬರುತ್ತಾರೆ. ನೀನು ಏನೂ ಹೇಳಬೇಡ. ಕೋಟು ಹಾಕಿಕೊಂಡು ಸುಮ್ಮನೆ ನಿಂತರೆ ಸಾಕು.”

“ನಾ ಸುಮ್ನ ನಿಂತ್ರೂ, ಆ ಕಾಗದದಾಗಿನ ಗುರುಸಿದ್ದಪ್ಪ ಮಾತಾಡ್ತಾನಲ್ರಿ.”

“ಹತ್ತೊಂಬತ್ತು ವರ್ಷದಲ್ಲಿ ನಿನಗೆ ಒಂದು ಬಿರುಸು ಮಾತು ಹೇಳಿದ್ದೇನೆಯೇ ನಾನು?”

“ಇಲ್ಲ,” ಎಂದ ಗುರುಸಿದ್ದಪ್ಪ. ಅದು ನಿಜವಾಗಿತ್ತು, ಅವನಿಗೆ ಕಷ್ಟವಾದದ್ದೂ ಅದೇ. ಬಟ್ಟು ಸರಿಸಿ ಚೀಟಿಯನ್ನು ತಿರುಗಿ ಜೇಬಿಗೆ ಹಾಕಿಕೊಂಡ.

ಬುಧವಾರ ಬೆಳಗ್ಗೆ ಏಳಕ್ಕೇ ಕಿತ್ತಳೆ ತೋಟದ ಬಾವಿಯ ಬಳಿ ಶಾಮಿಯಾನ ಎದ್ದಿತ್ತು. ನಲವತ್ತು ಐವತ್ತು ಜನ. ರಾತ್ರಿಯೆಲ್ಲ ಕಾಡುಹಂದಿ ಕಾದು ಕಣ್ಣು ಕೆಂಪಾದ ರೈತರು, ಬಿಳಿ ಟೋಪಿಯ ಗೌಡರು, ರಾಮದಾಸಪೇಠ್‌ನಿಂದ ಮೋಟಾರಿನಲ್ಲಿ ಬಂದ ಒಬ್ಬಿಬ್ಬರು ಶಿಕಾರಿ ಶೋಕಿಯ ವಕೀಲರು. ಒಂದು ಬದಿಗೆ ಒಲೆಯ ಮೇಲೆ ಚಹದ ನೀರು ಮರಳುತ್ತಿತ್ತು. ಎಲ್ಲರ ಕೈಯಲ್ಲೂ ಗುರುಸಿದ್ದಪ್ಪನ ಮುಖವಿದ್ದ ಹಾಳೆ. ಕೆಲವರು ಅದರಿಂದ ಗಾಳಿ ಬೀಸಿಕೊಳ್ಳುತ್ತಿದ್ದರು. ಅವನು ಕೋಟು ತೊಟ್ಟಿರಲಿಲ್ಲ. ದಿನದ ಹಾಗೆ ಮಸಿ ಹಿಡಿದ ಖಾಕಿ ಅಂಗಿಯಲ್ಲೇ ಬಂದಿದ್ದ.

ಲಕ್ಷ್ಮೀಕಾಂತ ಚೆನ್ನಾಗಿ ಮಾತಾಡಿದ. ಅಂಗಡಿಯ ತೋಟಾಗಳನ್ನೇ ತುಂಬಿ ಐದು ಗುಂಡು ಹೊಡೆದ. ಐದೂ ದೂರದ ಮಡಕೆಗಳನ್ನು ಒಡೆದವು. ಆಮೇಲೆ ನಳಿಕೆಗೆ ಮೂರೇ ಹನಿ ಎಣ್ಣೆ ಬಿಟ್ಟು, ಬಟ್ಟೆ ತೂರಿಸಿ, ಮೂರನೆಯ ಸಲ ಬಂದ ಬಿಳಿಯ ತುಂಡನ್ನು ಎತ್ತಿ ಹಿಡಿದ. ಜನ ತಲೆದೂಗಿದರು.

ಆಗ ಮುಂದಿನ ಸಾಲಿನಲ್ಲಿ ಕೂತಿದ್ದ ಶಾಮರಾವ್ ಎದ್ದ. ಅವನು ಕಳಮೇಶ್ವರದ ಕಡೆಯ ರೈತ, ಗುರುಸಿದ್ದಪ್ಪನ ಬಳಿ ಹದಿನೈದು ವರ್ಷದಿಂದ ಬಂದೂಕು ತರುವವನು. ಹಾಳೆಯನ್ನು ಮೇಲೆತ್ತಿ, “ಮಿಸ್ತ್ರಿ, ಬಂದೂಕು ತಂದಾಗಲೆಲ್ಲ ನೀರು ಕುದಿಸಿಲ್ಲ ಅಂತ ನನ್ನನ್ನು ಬೈದವನು ನೀನು. ಈಗ ಇಲ್ಲಿ ಬೇರೆ ಹೇಳಿದ್ದೀಯ. ಯಾವುದು ಖರೆ? ಈ ಫೋಟೋದವನನ್ನು ಕೇಳಲೋ, ನಿನ್ನನ್ನು ಕೇಳಲೋ?” ಎಂದ.

ಎಲ್ಲರೂ ತಿರುಗಿ ನೋಡಿದರು. ಉಮಾಕಾಂತರಾವ್ ದೂರದಿಂದಲೇ ಬೇಡವೆಂದು ತಲೆಯಾಡಿಸಿದ. ಗುರುಸಿದ್ದಪ್ಪ ಒಲೆಯ ಬಳಿಗೆ ನಡೆದು, ಚಹದ ಕೆಟಲಿಯನ್ನು ಅಂಗಿಯ ತುದಿಯಿಂದ ಹಿಡಿದೆತ್ತಿದ.

“ಅರೇ, ಚಹಕ್ಕೆ ಇಟ್ಟ ನೀರು!” ಎಂದು ಒಲೆಯವನು ಕೂಗಿದ.

“ಚಾ ಆಮ್ಯಾಲ ಕುಡ್ಯೂಣು.”

ಲಕ್ಷ್ಮೀಕಾಂತ ಅಡ್ಡ ಬಂದು ಕನ್ನಡದಲ್ಲಿ, ತಗ್ಗಿದ ದನಿಯಲ್ಲಿ ಹೇಳಿದ: “ಗುರುಸಿದ್ದಪ್ಪನವ್ರೇ, ಪರಊರಲ್ಲಿ ನಮ್ಮವರೇ ನಮ್ಮ ಮರ್ಯಾದೆ ತೆಗೆದ್ರೆ ಹೆಂಗೆ?”

“ನಮ್ಮವ್ರು ಅಂತನ ನಿಮಗ ಕನ್ನಡದಾಗ ಹೇಳ್ತೀನಿ, ಅವರಿಗಿ ತಿಳಿಯೂದಿಲ್ಲ. ಸುಳ್ಳ ಬರಸೀರಿ. ಸರೀರಿ, ನೀರು ಸುಡ್ತೈತಿ.”

ಅವನು ಲಕ್ಷ್ಮೀಕಾಂತ ಈಗಷ್ಟೇ ಹೊಡೆದಿಟ್ಟ ರೈಫಲ್ಲನ್ನು ಮೇಜಿನಿಂದ ತೆಗೆದು, ಹಿಂಬದಿಯ ಕೀಲನ್ನು ಕಳಚಿ, ಚೀಲದಿಂದ ಲಾಳಿಕೆ ತೆಗೆದು ಸಿಕ್ಕಿಸಿದ. ನಳಿಕೆಯ ಬಾಯಿಯ ಕೆಳಗೆ ಹಿತ್ತಾಳೆಯ ತಟ್ಟೆಯೊಂದನ್ನು ಹಿಡಿಯಲು ಶಾಮರಾವ್‌ಗೆ ಹೇಳಿದ. ಈಗಷ್ಟೇ ಬಿಳಿಯ ಬಟ್ಟೆ ಹೊರಬಂದ ನಳಿಕೆಯಿಂದ ಬೂದುಬಣ್ಣದ ನೀರು ಸುರಿಯಿತು, ಮೇಲೆ ಎಣ್ಣೆಯ ಕಣ್ಣುಗಳು ತೇಲಿದವು. ಹಿಂದಿನವರು ಎದ್ದು ನಿಂತರು.

“ಆರಲಿ. ಹಾಂ, ಈಗ ಬೆರಳು ಅದ್ದಿ ನಾಲಿಗಿಗಿ ಹಚ್ಚಿ ನೋಡು. ನುಂಗಬ್ಯಾಡ, ಉಗುಳು.”

ಶಾಮರಾವ್ ಬೆರಳು ಅದ್ದಿದ, ತುದಿನಾಲಿಗೆಗೆ ಮುಟ್ಟಿಸಿದ, ಮುಖ ಕಿವಿಚಿ ಉಗುಳಿದ. “ಮೀಠ!” ಎಂದ. ಇನ್ನೊಬ್ಬ ಬೆರಳು ಅದ್ದಿದ. “ಹೌದೋ, ಉಪ್ಪು!”

“ಇದು ಎಣ್ಣಿ ಕೆಳಗ ಕುಂತಿತ್ತು,” ಎಂದ ಗುರುಸಿದ್ದಪ್ಪ. ಅವನು ದನಿ ಎತ್ತರಿಸಲಿಲ್ಲ. ಎದ್ದು ನಿಂತವರು ಕೇಳಿಸಿಕೊಳ್ಳಲು ಹತ್ತಿರ ಬಂದರು. “ಈಗ ಕುಂತಿರ್ತೈತಿ. ಮಿರಗದ ಮಳಿ ಬಂದ್ ದಿನ ಏಳ್ತೈತಿ. ಎಣ್ಣಿ ಕೆಟ್ಟದ್ದಲ್ಲ, ತೊಳದ ಮ್ಯಾಲ ಅದನ್ನ ಹಚ್ಚರಿ. ರೈಫಲ್ಲೂ ಚಲೋ ಐತಿ, ನೆಟ್ಟಗ ಹೊಡಿತೈತಿ. ಸುಳ್ಳಿರೂದು ಒಂದ ಕಡೆ.” ಅವನು ಜೇಬಿನಿಂದ ಕಲಾವತಿಯ ಚೀಟಿ ತೆಗೆದು, ಕನ್ನಡಕ ಏರಿಸಿ, ಆ ಒಂದು ಸಾಲನ್ನು ಎರಡು ಸಲ ಓದಿದ. “ಈ ಸಾಲು ಇಂಗ್ಲಿಷ್ ಪುಸ್ತಕದಾಗ ಐತಿ. ನಿಮ್ಮ ಕೈಯಾಗಿನ ಹಾಳ್ಯಾಗ ಇಲ್ಲ. ಹಾಳ್ಯಾಗಿನ ಮಾರಿ ನಂದು. ಮಾತು ನಂದಲ್ಲ.”

ಹಿಂದಿನ ಸಾಲಿನ ವಕೀಲನೊಬ್ಬ, “ಅಲ್ಲಯ್ಯ ಮಿಸ್ತ್ರಿ, ನಾವು ಬಂದೂಕು ಹೊಡೆಯುವವರೋ ನೆಕ್ಕುವವರೋ?” ಎಂದ. ನಗೆ ಎದ್ದಿತು. ಲಕ್ಷ್ಮೀಕಾಂತ ಆ ನಗೆಯನ್ನು ಬಿಡದೆ ಹಿಡಿದುಕೊಂಡ. ಪಾಪ, ಹಿರಿಯರು, ಹಳೆಯ ಪಲ್ಟಣದ ಅಭ್ಯಾಸ, ಕಂಪನಿಯಲ್ಲಿ ವಿಜ್ಞಾನಿಗಳಿದ್ದಾರೆ, ನೀರು ಹಾಕಿದರೆ ಗ್ಯಾರಂಟಿ ಹೋಗುತ್ತದೆ, ಅಷ್ಟು ನೆನಪಿಡಿ. ಗ್ಯಾರಂಟಿ ಎಂಬ ಮಾತಿಗೆ ಜನರ ಮುಖ ಮತ್ತೆ ಆ ಕಡೆ ತಿರುಗಿತು. ಹನ್ನೆರಡು ಜನ ಅಲ್ಲೇ ಹೆಸರು ಬರೆಸಿದರು. ಶಾಮರಾವ್‌ನ ಊರಿನವರೇ ಇಬ್ಬರಿದ್ದರು.

ಬಿಸಿಲು ಏರಿ ಎಲ್ಲರೂ ಹೋದ ಮೇಲೆ ಉಮಾಕಾಂತರಾವ್ ಬಾವಿಯ ಕಟ್ಟೆಯ ಮೇಲೆ ಕೂತು, ಅವನ ಮುಖ ನೋಡದೆ ಹೇಳಿದ: “ನಾಳೆಯಿಂದ ಬರಬೇಡ ಮಿಸ್ತ್ರಿ.”

“ಲಾಳಿಕಿ, ಕೆಟಲಿ ನನ್ನವು. ಒಯ್ತೀನಿ.”

“ಒಯ್ಯಿ.”

“ಗ್ವಾಡಿ ಮ್ಯಾಲಿನ ಎರಡು ಬಂದೂಕು ಹಂಗ ಇರ್ಲಿ. ಯಾರೂ ಮುಟ್ಟಬ್ಯಾಡ್ರಿ. ಅಷ್ಟ ಕೇಳೂದು ನಂದು.”

ಉಮಾಕಾಂತರಾವ್ ಎದ್ದು ಪಂಚೆ ಕೊಡವಿಕೊಂಡು ಶಾಮಿಯಾನದ ಕಡೆ ನಡೆದ.

ಮೂರು ದಿನ ಗುರುಸಿದ್ದಪ್ಪ ಮನೆಯಲ್ಲಿ ಕೂತ. ನಾಲ್ಕನೆಯ ದಿನ ಯಲ್ಲಮ್ಮ, “ಅಂಗಡಿ ಅವರದು, ಓಣಿ ಯಾರದು?” ಎಂದು ಅವನ ಮುಂದೆ ಇದ್ದಿಲ ಒಲೆಯನ್ನು ತಂದಿಟ್ಟಳು. ಬಂದೂಕಿನ ಅಂಗಡಿಯ ಎದುರು, ಬೀದಿಯ ಆಚೆಗೆ, ಸೈಕಲ್ ರಿಪೇರಿಯವನ ತಗಡಿನ ಚಾಚಿನ ಕೆಳಗೆ ಬೇವಿನ ಮರಕ್ಕೊರಗಿ ಜಾಗವಿತ್ತು. ಗುರುಸಿದ್ದಪ್ಪ ಅಲ್ಲಿ ಒಲೆ ಹೂಡಿ ಕೆಟಲಿ ಇಟ್ಟ. ಫಲಕ ಬರೆದುಕೊಡುತ್ತೇನೆ ಎಂದಳು ಕಲಾವತಿ. “ಮಳಿ ಆಗ್ಲಿ ತಡಿ,” ಎಂದ.

ಮೊದಲ ದಿನವೇ ಉಮಾಕಾಂತರಾವ್ ಬಾಗಿಲಿಗೆ ಬಂದು ಬೀದಿಯ ಆಚೆಯಿಂದ ಕೂಗಿದ: “ಲೈಸೆನ್ಸ್ ಇಲ್ಲದೆ ಬಂದೂಕು ಬಿಚ್ಚಿದರೆ ಪೊಲೀಸರು ಒಯ್ಯುತ್ತಾರೆ, ಗೊತ್ತಿದೆಯಲ್ಲ!”

“ನಾ ಬಿಚ್ಚಂಗಿಲ್ರೀ! ಬಂದೂಕಿನ ಯಜಮಾನ ಬಿಚ್ಚತಾನ, ಯಜಮಾನ ಹಿಡಿತಾನ. ನಾ ನೀರು ಹಾಕಾಂವ!”

ಸೈಕಲ್ಲಿನವನು ಬಿದ್ದು ಬಿದ್ದು ನಕ್ಕ. ಉಮಾಕಾಂತರಾವ್ ಒಳಗೆ ಹೋದ. ಮರುದಿನ ಅಂಗಡಿಯ ಹೊರಗೋಡೆಯ ಮೇಲೆ ಗುರುಸಿದ್ದಪ್ಪನ ಮುಖ ಆಳೆತ್ತರದ ಹಾಳೆಯಾಗಿ ಅಂಟಿಕೊಂಡಿತು. ಕರಿ ಕೋಟು, ರುಮಾಲು, ಎಣ್ಣೆ ಸವರಿದ ಮೀಸೆ. ‘ನೀರು ಕುದಿಸುವ ಕಷ್ಟ ಇನ್ನಿಲ್ಲ.’ ಅದರ ಎದುರಿಗೇ, ಹದಿನೈದು ಹೆಜ್ಜೆ ಈಚೆಗೆ, ಖಾಕಿ ಅಂಗಿಯ ಗುರುಸಿದ್ದಪ್ಪ ಕೂತು ನೀರು ಕುದಿಸುತ್ತಿದ್ದ. ಬೀದಿಯಲ್ಲಿ ಹೋಗುವವರು ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ನೋಡಿ ಹೋಗುತ್ತಿದ್ದರು. ಕೆಲಸ ಹೆಚ್ಚಿಗೆ ಬರಲಿಲ್ಲ. ಹಳೆಯ ಪರಿಚಯದ ಒಬ್ಬಿಬ್ಬರು ಬಂದರು. ಉಳಿದ ಹೊತ್ತು ಕೆಟಲಿಯಲ್ಲಿ ಸೈಕಲ್ಲಿನವನಿಗೂ ತನಗೂ ಚಹ ಕಾಸಿದ. ಆದರೆ ಒಂದು ದಿನವೂ ಒಲೆ ಆರಗೊಡಲಿಲ್ಲ.

ಜೂನ್ ಹದಿನಾಲ್ಕರ ಮಧ್ಯಾಹ್ನ ಕಪ್ಪಿಟ್ಟು ಮಳೆ ಬಂತು. ಮೊದಲ ದಿನ ಧೂಳನ್ನು ಹೊಡೆದು ಹೋಯಿತು. ಎರಡನೆಯ ದಿನದಿಂದ ಬಿಡಲಿಲ್ಲ. ವಾರವಿಡೀ ಬಟ್ಟೆ ಒಣಗಲಿಲ್ಲ, ಯಲ್ಲಮ್ಮನ ಉಪ್ಪಿನ ಭರಣಿಯ ಹೊರಮೈ ಬೆವರಿತು. ಎಂಟನೆಯ ದಿನ ಕಳಮೇಶ್ವರದ ಮೋಟಾರು ಇಳಿದು ಶಾಮರಾವ್ ಬಂದ. ಗೋಣಿಚೀಲದ ಕೊಪ್ಪೆ ಹೊದ್ದ ಇನ್ನಿಬ್ಬರು ಜೊತೆಗಿದ್ದರು. ಇಬ್ಬರ ಕಂಕುಳಲ್ಲೂ ಮೇಣಗಪ್ಪಡ ಸುತ್ತಿದ ಹೊಸ ರೈಫಲ್ಲು.

“ಹೇಳಿದರೆ ಕೇಳಲಿಲ್ಲ ಇವರು. ಹಾಳೆಯಲ್ಲಿದ್ದ ಹಾಗೇ ಬರೀ ಎಣ್ಣೆ ಹಚ್ಚಿ ಇಟ್ಟಿದ್ದರಂತೆ. ತೋರಿಸಿರೋ.”

ಗುರುಸಿದ್ದಪ್ಪ ಯಾರನ್ನೂ ಹೀಯಾಳಿಸಲಿಲ್ಲ. “ಬಿಚ್ರಪಾ. ನೀವ ಬಿಚ್ರಿ,” ಎಂದ. ಬಟ್ಟೆಯ ತುಂಡನ್ನು ತೂರಿಸಿ ಎಳೆದರೆ ಇಟ್ಟಿಗೆಯ ಪುಡಿಯಲ್ಲಿ ಹೊರಳಿಸಿದ ಹಾಗೆ ಬಂತು. ರೈತ ಅದನ್ನು ಅಂಗೈಯಲ್ಲಿಟ್ಟುಕೊಂಡು ತಲೆ ತಗ್ಗಿಸಿ ನಿಂತ. ಗುರುಸಿದ್ದಪ್ಪ ಕೆಟಲಿ ಬಗ್ಗಿಸಿದ. ಮೊದಲು ಕೆಂಪು ನೀರು, ಆಮೇಲೆ ಕಂದು, ಎರಡನೆಯ ಕೆಟಲಿಗೆ ತಿಳಿ. ನಳಿಕೆಯನ್ನು ಒರೆಸಿಸಿ, ಕಣ್ಣಿಗಿಟ್ಟು ಆಕಾಶಕ್ಕೆ ಹಿಡಿದ. ಆ ತುದಿಯಲ್ಲಿ ಮಳೆಯ ಮೋಡದ ಒಂದು ಬಿಲ್ಲೆ ಕಾಣುತ್ತಿತ್ತು. ನಡುವೆ ಅಲ್ಲಲ್ಲಿ ಸೂಜಿ ಚುಚ್ಚಿದಂಥ ಕಲೆ.

“ಇವು ಹೋಗಂಗಿಲ್ಲ,” ಎಂದ. “ಇಲ್ಲಿಗಿ ನಿಲ್ತಾವ. ಇನ್ನ ಮ್ಯಾಲ ಹೊಡದ ದಿನಾನ ತೊಳೀರಿ.”

“ಗ್ಯಾರಂಟಿ...?” ಎಂದ ಇನ್ನೊಬ್ಬ.

ಗುರುಸಿದ್ದಪ್ಪ ಎದುರಿನ ಗೋಡೆಯ ಕಡೆ ನೋಡಿದ. ವಾರದ ಮಳೆಗೆ ಹಾಳೆಯ ಅಂಟು ಬಿಟ್ಟು, ಮೇಲಿನ ಒಂದು ಮೂಲೆಯಿಂದ ಮಾತ್ರ ಜೋತಿತ್ತು. ಕರಿ ಕೋಟಿನ ಮಸಿ ಗೋಡೆಗುಂಟ ಇಳಿಯುತ್ತಿತ್ತು. ಮೀಸೆ ಆಗಲೇ ಇರಲಿಲ್ಲ.

ಅದರ ಪಕ್ಕದ ಬಾಗಿಲಲ್ಲಿ ಉಮಾಕಾಂತರಾವ್ ನಿಂತಿದ್ದ. ಒಂದು ಕೈಯಲ್ಲಿ ಬಿಚ್ಚದ ಕೊಡೆ, ಇನ್ನೊಂದು ಕೈಯಲ್ಲಿ ಪಂಚೆ ಸುತ್ತಿದ ಉದ್ದನೆಯ ಏನೋ ಒಂದು. ಅವನ ಹಿಂದೆ, ಒಳಗಿನ ಗೋಡೆಯ ಮೇಲೆ ಈಗ ಒಂದೇ ರೈಫಲ್ಲು ತೂಗುತ್ತಿತ್ತು. ಮೆಟ್ಟಿಲು ಇಳಿಯುವವನ ಹಾಗೆ ಕಾಲು ಮುಂದಿಟ್ಟ, ಬೀದಿಯಲ್ಲಿ ಹರಿಯುವ ಕೆಂಪು ನೀರನ್ನು ನೋಡಿದ, ಅಲ್ಲೇ ನಿಂತ.

ಗುರುಸಿದ್ದಪ್ಪ ಅವನನ್ನು ಕರೆಯಲಿಲ್ಲ. ಒಲೆಗೆ ನಾಲ್ಕು ಇದ್ದಿಲು ಹಾಕಿ ಊದಿದ. ಆಮೇಲೆ ಚಾಚಿನ ಅಂಚಿನಿಂದ ಧಾರೆಯಾಗಿ ಸುರಿಯುವ ನೀರಿಗೆ ತಂಬಿಗೆ ಒಡ್ಡಿ ತುಂಬಿಸಿಕೊಂಡು, ಕೆಟಲಿಗೆ ಇನ್ನೊಬ್ಬರಿಗಾಗುವಷ್ಟು ನೀರು ಹೊಯ್ದ.